‘ಹೋರಾಟ’ ಸಿಗದ ಹುಡುಕಾಟ: ಆದೇಶ ಸಾಲಿನ ಮುಕ್ತ ಉಪಕರಣಗಳು ಮತ್ತು ಕನ್ನಡ

(ಸ್ಯಾಂಟಾ ಕ್ಲಾರಿಟಾದಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಪರಿಷ್ಕೃತ ರೂಪ)



ತಂತ್ರಾಂಶ ಅಭಿವೃದ್ಧಿಗಾರರು ದಿನನಿತ್ಯ ಬಳಸುವ ಆದೇಶ ಸಾಲಿನ ಮುಕ್ತ ಉಪಕರಣಗಳನ್ನು ಹೋಲಿಸಿ ಮಾತನಾಡಬೇಕೆಂದು ನೀವು ಕೇಳಿದಾಗ ನನಗೆ ಸ್ವಲ್ಪ ಅಳುಕಾಯಿತು. ಸಾಹಿತ್ಯವನ್ನೂ ರಾಜಕಾರಣವನ್ನೂ ಚರ್ಚಿಸುವ ಈ ಕೂಟಕ್ಕೆ ಅದು ಒಗ್ಗುವುದೇ ಎಂಬ ಅನುಮಾನ. ಆದರೆ ಇಲ್ಲಿ ಕುಳಿತಿರುವ ಅನೇಕರ ಅನ್ನ ಬರುವುದು ಈ ಉಪಕರಣಗಳಿಂದಲೇ. ಹಗಲೆಲ್ಲ ಅವುಗಳ ಜೊತೆ ಕಳೆದು, ಸಂಜೆ ಇಲ್ಲಿಗೆ ಬಂದು ಕನ್ನಡದ ಅಳಿವು ಉಳಿವಿನ ಬಗ್ಗೆ ಮಾತನಾಡುತ್ತೇವೆ. ಹಗಲಿನ ಕೆಲಸಕ್ಕೂ ಸಂಜೆಯ ಮಾತಿಗೂ ಇರುವ ಸಂಬಂಧವನ್ನು ತೋರಿಸುವುದಷ್ಟೇ ಇಂದಿನ ನನ್ನ ಉದ್ದೇಶ.

ಈ ವೃತ್ತಿಯಲ್ಲಿಲ್ಲದವರಿಗಾಗಿ ಮೊದಲು ಒಂದು ವಿವರಣೆ. ಆದೇಶ ಸಾಲು ಅಥವಾ ಕಮಾಂಡ್ ಲೈನ್ ಎಂದರೆ ಚಿತ್ರಗಳೂ ಗುಂಡಿಗಳೂ ಇಲ್ಲದ ಒಂದು ಕಪ್ಪು ಪರದೆ. ಅಲ್ಲಿ ಪದಗಳನ್ನು ಟೈಪು ಮಾಡಿ ಯಂತ್ರಕ್ಕೆ ಕೆಲಸ ಹೇಳುತ್ತೇವೆ. ಹುಡುಕುವುದಕ್ಕೆ ಒಂದು ಉಪಕರಣ, ಎಣಿಸುವುದಕ್ಕೆ ಒಂದು, ವಿಂಗಡಿಸುವುದಕ್ಕೆ ಮತ್ತೊಂದು. ಒಂದರ ಫಲಿತವನ್ನು ಇನ್ನೊಂದಕ್ಕೆ ಉಣಿಸಬಹುದು. ಬಡಗಿಯ ಪೆಟ್ಟಿಗೆಯಲ್ಲಿ ಉಳಿ, ಗರಗಸ, ಕೀಸುಳಿ ಇರುವ ಹಾಗೆ ಇವು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಈ ಪದ್ಧತಿಯನ್ನು ರೂಢಿಸಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆ ಅದೇ ಬಗೆಯ ಉಪಕರಣಗಳನ್ನು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ರೂಪದಲ್ಲಿ ಮತ್ತೆ ಬರೆಯಿತು.

ಸಾಮಾನ್ಯವಾಗಿ ಇಂಥ ಹೋಲಿಕೆಗಳಲ್ಲಿ ವೇಗವೇ ಮುಖ್ಯ ಪ್ರಶ್ನೆಯಾಗಿರುತ್ತದೆ. ನಾನು ಬೇರೆ ಪ್ರಶ್ನೆಯನ್ನು ಕೇಳಲು ಹೊರಟಿದ್ದೇನೆ. ಈ ಉಪಕರಣಗಳಿಗೆ ಕನ್ನಡ ಕಾಣಿಸುತ್ತದೆಯೇ? ಕಾಣಿಸದಿದ್ದಾಗ ನಾವೇನು ಮಾಡಬಹುದು?

ಪ್ರಶ್ನೆ ನನಗೆ ಎದುರಾದದ್ದು ಹೀಗೆ. ಗೆಳತಿಯೊಬ್ಬರು ಕಳೆದ ಚಳಿಗಾಲದಲ್ಲಿ ತೀರಿಕೊಂಡ ತಮ್ಮ ತಂದೆಯ ಬರಹಗಳ ಕಡತಗಳನ್ನು ನನಗೆ ಕಳಿಸಿದರು. ಆ ಹಿರಿಯರು ದಾವಣಗೆರೆಯ ಗಿರಣಿ ಕಾರ್ಮಿಕರ ನಡುವೆ ದುಡಿದವರು. ಸಣ್ಣ ಪತ್ರಿಕೆಗಳಿಗೆ ಲೇಖನ, ಸಭೆಗಳಿಗೆ ಭಾಷಣ, ಕರಪತ್ರ ಬರೆದವರು. ಕೆಲವು ಕಂಪ್ಯೂಟರಿನಲ್ಲಿದ್ದವು, ಕೆಲವು ಹಳೆಯ ಮುದ್ರಿತ ಹಾಳೆಗಳ ಚಿತ್ರಗಳಾಗಿದ್ದವು. ಮಗಳಿಗೆ ಅದನ್ನು ಒಂದು ಪುಸ್ತಕವಾಗಿ ಹೊಂದಿಸುವ ಆಸೆ. ‘ಅಪ್ಪ ಕೂಲಿಯ ಬಗ್ಗೆ, ಹೋರಾಟದ ಬಗ್ಗೆ ಎಲ್ಲೆಲ್ಲಿ ಏನೇನು ಬರೆದಿದ್ದಾರೆ, ಹುಡುಕಿಕೊಡಿ’ ಎಂದರು. ನಮ್ಮ ವೃತ್ತಿಯಲ್ಲಿ ಇದು ಐದು ನಿಮಿಷದ ಕೆಲಸ. ಗ್ರೆಪ್ ಎಂಬ ಉಪಕರಣಕ್ಕೆ ‘ಕೂಲಿ’ ಎಂದು ಕೊಟ್ಟೆ. ಒಂದು ಸಾಲೂ ಬರಲಿಲ್ಲ. ಬದುಕಿಡೀ ಕೂಲಿಯ ಬಗ್ಗೆ ಬರೆದ ಮನುಷ್ಯನ ಕಡತಗಳಲ್ಲಿ ‘ಕೂಲಿ’ ಇಲ್ಲ ಎಂದು ಯಂತ್ರ ಹೇಳಿತು.

ಕಾರಣ ನಿಮ್ಮಲ್ಲಿ ಹಲವರಿಗೆ ಹೊಳೆದಿರಬಹುದು. ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ತಂತ್ರಾಂಶಗಳು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ್ದವು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು. ಕಡತದ ಒಳಗೆ ಇದ್ದದ್ದು ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಸಾಲು. ಫಾಂಟು ಕಳಚಿದರೆ ಕನ್ನಡವೂ ಕಳಚಿತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಸೇಡಿಯಾಪು ಎಂಬ ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಹಂಚಿದ ಕೆ.ಪಿ. ರಾವ್, ಅಮೆರಿಕದಲ್ಲಿದ್ದುಕೊಂಡೇ ‘ಬರಹ’ವನ್ನು ಕಟ್ಟಿದ ಶೇಷಾದ್ರಿವಾಸು ಚಂದ್ರಶೇಖರನ್, ‘ನುಡಿ’ಯನ್ನು ತಂದ ಕನ್ನಡ ಗಣಕ ಪರಿಷತ್ತು, ಇವರೆಲ್ಲ ಇಲ್ಲದಿದ್ದರೆ ಆ ಹಿರಿಯರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆದರೆ ಆ ಕಾಲದ ಕಡತಗಳು ಇಂದಿನ ಹುಡುಕಾಟಕ್ಕೆ ಮೂಕವಾಗಿವೆ ಎಂಬುದು ನಿಜ.

ಇಲ್ಲಿ ಕೈಹಿಡಿದದ್ದು ಮುಕ್ತ ತಂತ್ರಾಂಶವೇ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನು ಅರವಿಂದ ವಿ.ಕೆ. ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ವರ್ಡ್ ಕಡತಗಳಿಂದ ಬರೀ ಪಠ್ಯವನ್ನು ಬಿಡಿಸಿಕೊಳ್ಳಲು ಪ್ಯಾನ್‌ಡಾಕ್ ಇದೆ. ಅದನ್ನು ಬರೆದವರು ಬರ್ಕ್ಲಿಯಲ್ಲಿ ತತ್ತ್ವಶಾಸ್ತ್ರ ಕಲಿಸುವ ಜಾನ್ ಮ್ಯಾಕ್‌ಫಾರ್ಲೇನ್. ಚಿತ್ರವಾಗಿದ್ದ ಹಾಳೆಗಳಿಗೆ ಟೆಸ್ಸೆರಾಕ್ಟ್ ಬಳಸಿದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯೊಳಗೆ ಆರಂಭವಾಗಿ 2005ರಲ್ಲಿ ಮುಕ್ತವಾದ ಈ ಅಕ್ಷರ ಗುರುತಿಸುವ ಉಪಕರಣಕ್ಕೆ ಕನ್ನಡವೂ ಬರುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ; ಹಾಳೆ ಮಾಸಿದ್ದರೆ ಇನ್ನೂ ಹೆಚ್ಚು. ದೊಡ್ಡ ಕಂಪನಿಗಳ ಕ್ಲೌಡ್ ಸೇವೆಗಳು ಅನೇಕ ಹಾಳೆಗಳನ್ನು ಇದಕ್ಕಿಂತ ಚೆನ್ನಾಗಿ ಓದುತ್ತವೆ ಎಂದು ಒಪ್ಪುತ್ತೇನೆ. ಆದರೆ ಅದಕ್ಕೆ ಹಾಳೆಗಳನ್ನು ಅವರ ಯಂತ್ರಕ್ಕೆ ಕಳಿಸಬೇಕು. ಒಬ್ಬ ಕಾರ್ಮಿಕ ಸಂಘಟಕನ ಅಪ್ರಕಟಿತ ಟಿಪ್ಪಣಿಗಳನ್ನು, ಅದರಲ್ಲಿರುವ ಇತರರ ಹೆಸರುಗಳ ಸಮೇತ, ಹಾಗೆ ಕಳಿಸಲು ಮಗಳು ಒಪ್ಪಲಿಲ್ಲ. ಟೆಸ್ಸೆರಾಕ್ಟ್ ನನ್ನ ಮೇಜಿನ ಮೇಲೆಯೇ ಕೆಲಸ ಮಾಡಿತು. ತಪ್ಪುಗಳನ್ನು ನಾವಿಬ್ಬರೂ ಕುಳಿತು ತಿದ್ದಿದೆವು.

ಈಗ ಎಲ್ಲವೂ ಯೂನಿಕೋಡಿನಲ್ಲಿತ್ತು. ಹೋಲಿಕೆ ನಿಜವಾಗಿ ಶುರುವಾದದ್ದು ಇಲ್ಲಿಂದ.

ಹುಡುಕುವ ಉಪಕರಣಗಳಲ್ಲಿ ಹಿರಿಯದು ಗ್ರೆಪ್. ಮೂಲವನ್ನು 1970ರ ದಶಕದ ಆರಂಭದಲ್ಲಿ ಬರೆದವರು ಕೆನ್ ಥಾಂಪ್ಸನ್. ಇದೇ ಥಾಂಪ್ಸನ್ 1992ರಲ್ಲಿ ರಾಬ್ ಪೈಕ್ ಜೊತೆ ಸೇರಿ ನ್ಯೂಜೆರ್ಸಿಯ ಉಪಾಹಾರ ಗೃಹವೊಂದರಲ್ಲಿ ಯುಟಿಎಫ್-8 ಎಂಬ ಸಂಕೇತ ವಿಧಾನವನ್ನು ರೂಪಿಸಿದರು. ಇಂದು ನಾವು ಕಳಿಸುವ ಪ್ರತಿಯೊಂದು ಕನ್ನಡ ಸಂದೇಶವೂ ಬಹುಮಟ್ಟಿಗೆ ಆ ವಿಧಾನದಲ್ಲೇ ಸಾಗುತ್ತದೆ. ರಿಪ್‌ಗ್ರೆಪ್ ಹೊಸ ತಲೆಮಾರಿನದು. 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ಅದನ್ನು ರಸ್ಟ್ ಭಾಷೆಯಲ್ಲಿ ಬರೆದರು. ವೇಗದಲ್ಲಿ ಹೊಸದು ಮುಂದು. ಕೆಲವು ನೂರು ಕಡತಗಳ ನಮ್ಮ ಕೆಲಸಕ್ಕೆ ಆ ವ್ಯತ್ಯಾಸ ಗಣನೆಗೆ ಬಾರದು. ಗಣನೆಗೆ ಬಂದದ್ದು ಬೇರೆ.

ಗ್ನೂ ಗ್ರೆಪ್ ಯಂತ್ರದ ಭಾಷಾ ನೆಲೆಯನ್ನು, ಅಂದರೆ ಲೊಕೇಲ್ ಎಂಬುದನ್ನು ಕೇಳಿಕೊಂಡು ನಡೆಯುತ್ತದೆ. ನೆಲೆ ಯುಟಿಎಫ್-8 ಆಗಿದ್ದರೆ ‘ಕ’ ಒಂದು ಅಕ್ಷರ. ಯಾವುದೋ ಸರ್ವರಿನಲ್ಲಿ ನೆಲೆ ‘ಸಿ’ ಎಂದು ಇದ್ದುಬಿಟ್ಟರೆ ಅದೇ ‘ಕ’ ಮೂರು ಬಿಡಿ ಬೈಟುಗಳು; ‘ಯಾವುದಾದರೂ ಒಂದು ಅಕ್ಷರ’ ಎಂದು ಕೇಳಿದರೆ ಕನ್ನಡ ಅಕ್ಷರದ ಮೂರನೇ ಒಂದು ಪಾಲು ಸಿಗುತ್ತದೆ. ರಿಪ್‌ಗ್ರೆಪ್ ಇದನ್ನು ಕೇಳುವುದಿಲ್ಲ. ಯಾವ ಯಂತ್ರದಲ್ಲಾದರೂ ಯೂನಿಕೋಡ್ ಎಂದೇ ಓದುತ್ತದೆ. ‘ಪದದ ಅಕ್ಷರ’ ಎಂಬುದರೊಳಗೆ ಅದು ಸ್ವರಚಿಹ್ನೆಗಳನ್ನೂ ವಿರಾಮ ಚಿಹ್ನೆಯನ್ನೂ ಸೇರಿಸಿಕೊಳ್ಳುತ್ತದೆ. ಇದು ಸಣ್ಣ ಮಾತಲ್ಲ. ಪೈಥಾನ್ ಭಾಷೆಯ ಜೊತೆಗೇ ಬರುವ ಹುಡುಕು ವ್ಯವಸ್ಥೆಗೆ ‘ಕನ್ನಡ’ ಎಂಬ ಪದವನ್ನು ಕೊಟ್ಟು ಪದಗಳಾಗಿ ಬಿಡಿಸು ಎಂದರೆ ‘ಕನ’ ಮತ್ತು ‘ನಡ’ ಎಂದು ಎರಡು ತುಂಡು ಮಾಡುತ್ತದೆ. ನಡುವಿನ ವಿರಾಮ ಚಿಹ್ನೆ ಅದರ ಪಾಲಿಗೆ ಅಕ್ಷರವಲ್ಲ. ‘ಕಿವಿ’ ಕೊಟ್ಟರೆ ಎರಡೂ ಗುಡಿಸುಗಳನ್ನು ಕಳೆದು ‘ಕ’, ‘ವ’ ಎಂದು ಹಿಂತಿರುಗಿಸುತ್ತದೆ. ಈ ದೋಷವನ್ನು ಪೈಥಾನಿನ ದೋಷಪಟ್ಟಿಯಲ್ಲಿ 2007ರಲ್ಲೇ ದಾಖಲಿಸಲಾಗಿದೆ.

ಹಾಗೆಂದು ರಿಪ್‌ಗ್ರೆಪ್ ಎಲ್ಲದರಲ್ಲೂ ಮೇಲಲ್ಲ. ಕಡತಕೋಶದಲ್ಲಿ ಮರೆಯಾಗಿಟ್ಟ ಕಡತಗಳನ್ನು, ನಿರ್ಲಕ್ಷಿಸು ಎಂದು ಪಟ್ಟಿ ಮಾಡಿದವನ್ನು ಅದು ಕೇಳದೆಯೇ ಬಿಟ್ಟು ಮುಂದೆ ಹೋಗುತ್ತದೆ. ಅಭಿವೃದ್ಧಿಗಾರನಿಗೆ ಅದು ಅನುಕೂಲ; ಸತ್ತವರ ಬರಹಗಳನ್ನು ಒಟ್ಟು ಮಾಡುವವರಿಗೆ ಅಪಾಯ. ಹಳೆಯ ಗ್ರೆಪ್ ನೀವು ತೋರಿಸಿದ ಕಡತವನ್ನು ಬಿಡುವುದಿಲ್ಲ. ನಾನು ಕೊನೆಗೆ ಎರಡನ್ನೂ ಓಡಿಸಿ ಫಲಿತಗಳನ್ನು ಹೋಲಿಸುವ ರೂಢಿ ಮಾಡಿಕೊಂಡೆ.

‘ಕೂಲಿ’ ಈಗ ಸಿಕ್ಕಿತು. ಆದರೆ ‘ದಿನಗೂಲಿ’ ಸಿಗಲಿಲ್ಲ. ಶಾಲೆಯಲ್ಲಿ ಕಲಿತ ಆದೇಶ ಸಂಧಿ ಇಲ್ಲಿ ಎದುರಾಯಿತು: ಉತ್ತರ ಪದದ ‘ಕ’ ಇಲ್ಲಿ ‘ಗ’ ಆಗಿದೆ. ಯಾವ ಉಪಕರಣವೂ ಇದನ್ನು ತಾನಾಗಿ ಅರಿಯಲಾರದು. ‘[ಕಗ]ೂಲಿ’ ಎಂದು ನಾನೇ ಹೇಳಬೇಕಾಯಿತು. ಯಂತ್ರಕ್ಕೆ ಹೇಳಿಕೊಡಲು ವ್ಯಾಕರಣ ಬಲ್ಲವರು ಬೇಕು; ಎಂಜಿನಿಯರ್ ಒಬ್ಬನಿಂದ ಆಗುವ ಕೆಲಸವಲ್ಲ ಇದು.

‘ಹೋರಾಟ’ದ ವಿಷಯ ಇನ್ನೂ ಸೂಕ್ಷ್ಮ. ಹಲವು ಕಡೆ ಸಿಕ್ಕಿತು. ಆದರೆ ಕಣ್ಣೆದುರಿನ ಪುಟದಲ್ಲಿ ‘ಹೋರಾಟ’ ಎಂದು ಸ್ಪಷ್ಟವಾಗಿ ಕಾಣುತ್ತಿದ್ದರೂ ಎರಡೂ ಉಪಕರಣಗಳು ಇಲ್ಲವೆನ್ನುತ್ತಿದ್ದ ಜಾಗಗಳಿದ್ದವು. ಬಗೆದು ನೋಡಿದಾಗ ತಿಳಿದದ್ದು ಇದು. ಯೂನಿಕೋಡಿನಲ್ಲಿ ‘ಹೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಒಕಾರ ಮತ್ತು ದೀರ್ಘ ಎಂದು ಎರಡಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಮೂರೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಕಣ್ಣಿಗೂ ಮೂರೂ ಒಂದೇ. ಹುಡುಕುವ ಉಪಕರಣಕ್ಕೆ ಮಾತ್ರ ಮೂರು ಬೇರೆ ಬೇರೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪರಿವರ್ತಕಗಳಿಂದ ಬಂದ ಕಡತಗಳಲ್ಲಿ ಈ ಮೂರೂ ಇದ್ದವು. ಇದಕ್ಕೆ ಪರಿಹಾರ ಐಸಿಯು ಗ್ರಂಥಾಲಯದ ಜೊತೆಗೆ ಬರುವ ಯುಕಾನ್ವ್ ಎಂಬ ಉಪಕರಣ. ಅದು ಎಲ್ಲ ರೂಪಗಳನ್ನೂ ಒಂದೇ ರೂಪಕ್ಕೆ ತರುತ್ತದೆ. ಅದನ್ನು ಓಡಿಸಿದ ಮೇಲೆ ಕಾಣೆಯಾಗಿದ್ದ ಹೋರಾಟಗಳೆಲ್ಲ ಬಂದವು. ‘ಮಾರ್ಕ್ಸ್‌ವಾದ’ದಲ್ಲಿ ‘ಸ್’ ಮತ್ತು ‘ವಾ’ ಒತ್ತಾಗಿ ಕೂಡದಂತೆ ನಡುವೆ ಹಾಕುವ ಕಾಣದ ಸಂಕೇತವೊಂದಿದೆ. ಕೆಲವು ಕಡತಗಳಲ್ಲಿ ಅದಿತ್ತು, ಕೆಲವದರಲ್ಲಿ ಇರಲಿಲ್ಲ. ಅದನ್ನು ತೆಗೆದುಹಾಕಿದ ಪ್ರತಿಯೊಂದನ್ನು ಹುಡುಕಾಟಕ್ಕೆಂದೇ ಪ್ರತ್ಯೇಕವಾಗಿ ಇಟ್ಟುಕೊಂಡೆ. ಮೂಲವನ್ನು ಮುಟ್ಟಲಿಲ್ಲ.

ಇನ್ನು ಎಣಿಕೆ. ಪ್ರಕಾಶಕರು ಅಕ್ಷರಗಳ ಅಂದಾಜು ಕೇಳಿದ್ದರಂತೆ. ‘ಕನ್ನಡ’ ಎಂಬ ಪದವನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಎಣಿಸುವ ಉಪಕರಣವಾದ ಡಬ್ಲ್ಯೂಸಿಗೆ ಬೈಟು ಎಣಿಸು ಎಂದರೆ 15 ಎನ್ನುತ್ತದೆ. ಅಕ್ಷರ ಎಣಿಸು ಎಂದರೆ 5 ಎನ್ನುತ್ತದೆ. ಕ, ನ, ವಿರಾಮ ಚಿಹ್ನೆ, ನ, ಡ. ಪರ್ಲ್ ಭಾಷೆಯಲ್ಲಿ ಅಕ್ಷರಗುಚ್ಛಗಳನ್ನು ಎಣಿಸುವ ಸೌಲಭ್ಯವಿದೆ. ಅದು 4 ಎನ್ನುತ್ತದೆ: ಕ, ನ್, ನ, ಡ. ಒಂದನೇ ತರಗತಿಯ ಮಗು 3 ಎನ್ನುತ್ತದೆ. ಮಗುವಿನ ಉತ್ತರ ಸರಿ.

ಆಕ್ ಎಂಬ ಉಪಕರಣದ ಕಥೆಯೂ ಹೀಗೆಯೇ. 1977ರಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಗನ್ ಮೂವರೂ ರೂಪಿಸಿದ ಇದಕ್ಕೆ ಇಂದು ಹಲವು ಅವತಾರಗಳಿವೆ. ‘ಕನ್ನಡ’ದ ಉದ್ದ ಎಷ್ಟು ಎಂದರೆ ಗಾಕ್ 5 ಎನ್ನುತ್ತದೆ. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ತಾನಾಗಿ ಬರುತ್ತಿದ್ದ ಮಾಕ್ ಬಹುಕಾಲ 15 ಎನ್ನುತ್ತಲೇ ಬಂದಿದೆ. ಮೂಲ ಆಕ್‌ಗೆ ಯೂನಿಕೋಡ್ ಕಲಿಸಿದವರು ಸ್ವತಃ ಬ್ರಯಾನ್ ಕರ್ನಿಗನ್. ಅದು 2022ರಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ. ನಲವತ್ತು ವರ್ಷ ದಾಟಿದ ಉಪಕರಣಕ್ಕೆ ಇಂಗ್ಲಿಷೇತರ ಜಗತ್ತನ್ನು ಕಾಣಿಸಲು ಅದರ ಕರ್ತೃವೇ ಮತ್ತೆ ಕುಳಿತು ಬರೆಯಬೇಕಾಯಿತು.

ಟಿಆರ್ ಎಂಬುದು ಅಕ್ಷರಗಳನ್ನು ಬದಲಿಸುವ ಉಪಕರಣ. ಹಿರಿಯರ ಲೇಖನಗಳಲ್ಲಿ ಕನ್ನಡ ಅಂಕಿಗಳಿದ್ದವು. ‘೧೯೭೦’ ಎಂಬಂಥವನ್ನು ‘1970’ ಮಾಡಲು ಹೋದರೆ ಗ್ನೂ ಟಿಆರ್ ಸಾಲನ್ನೇ ಕೆಡಿಸಿತು. ಏಕಬೈಟಿನ ಅಕ್ಷರಗಳನ್ನು ಮಾತ್ರ ಪೂರ್ತಿಯಾಗಿ ಬಲ್ಲೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಅದೇ ಕೆಲಸವನ್ನು ಸೆಡ್ ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ವಿಂಗಡಿಸುವ ಸಾರ್ಟ್ ‘ಸಿ’ ನೆಲೆಯಲ್ಲಿ ಸಂಕೇತಗಳ ಕ್ರಮವನ್ನು ಅನುಸರಿಸುತ್ತದೆ. ಆ ಕ್ರಮದಲ್ಲಿ ‘ಳ’ ಇರುವುದು ‘ಲ’ ಮತ್ತು ‘ವ’ಗಳ ನಡುವೆ. ಹಾಗಾಗಿ ಪದಸೂಚಿಯಲ್ಲಿ ‘ಅಳತೆ’ ಎಂಬುದು ‘ಅವಕಾಶ’ಕ್ಕಿಂತ ಮೊದಲು ಬಂದು ಕೂರುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ನಂತರ.

ಇವೆಲ್ಲವನ್ನೂ ಕೇಳಿ ನಿಮಗೆ ಅನ್ನಿಸಬಹುದು, ಕೆಲಸ ಮುಗಿಯಿತಲ್ಲ, ಇನ್ನೇನು ಎಂದು. ನಿಜ, ಪುಸ್ತಕದ ಕೆಲಸ ನಡೆಯಿತು. ಆದರೆ ಉಪಕರಣಗಳ ಸೋಲಿನ ಹಿಂದೆ ಇನ್ನೊಂದು ಪದರವಿದೆ. ಪರ್ಲ್ 4 ಎಂದು ಉತ್ತರಿಸಿದ್ದು ಪರ್ಲ್‌ನ ತಪ್ಪಲ್ಲ. ಅದು ಯೂನಿಕೋಡ್ ನಿಯಮವನ್ನು ನಿಷ್ಠೆಯಿಂದ ಪಾಲಿಸಿತು. 2023ರಲ್ಲಿ ಬಂದ ಯೂನಿಕೋಡ್ 15.1ನೇ ಆವೃತ್ತಿ, ವಿರಾಮ ಚಿಹ್ನೆಯಿಂದ ಕೂಡಿಕೊಂಡ ವ್ಯಂಜನಗಳನ್ನು ಒಡೆಯಬಾರದು, ಒಂದೇ ಗುಚ್ಛವೆಂದು ಭಾವಿಸಬೇಕು ಎಂಬ ಹೊಸ ನಿಯಮವನ್ನು ತಂದಿತು. ಆ ಆವೃತ್ತಿಯಲ್ಲಿ ಅದು ಅನ್ವಯಿಸಿದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿಲ್ಲ. ನಮ್ಮ ಲಿಪಿಗೆ ಒಡಹುಟ್ಟಿನಂತಿರುವ ತೆಲುಗಿನ ‘ನ್ನ’ ಆ ನಿಯಮದ ಪ್ರಕಾರ ಒಂದು; ಕನ್ನಡದ ‘ನ್ನ’ ಎರಡು.

ಇನ್ನೊಂದು ಉದಾಹರಣೆ ಮನಸ್ಸಿಗೆ ಇನ್ನೂ ಹೆಚ್ಚು ಚುಚ್ಚುವಂಥದು. ಪಂಪನ ಕಾಲದ ಕನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಹಳಗನ್ನಡ ಓದಿದವರಿಗೆಲ್ಲ ಅದು ಪರಿಚಿತ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಅಕ್ಷರಗಳನ್ನು 47 ಎಂದು ಎಣಿಸುವಾಗ ಇದೂ ಅದರಲ್ಲಿ ಸೇರಿತ್ತು. ಯೂನಿಕೋಡ್ ಆ ಅಕ್ಷರಕ್ಕೆ ಜಾಗ ಕೊಟ್ಟಿದೆ, ಆದರೆ ಅದಕ್ಕೆ ಇಟ್ಟ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಫಕಾರಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡಿನ ಸ್ಥಿರತೆಯ ನಿಯಮ. ತಪ್ಪೆಂದು ಒಪ್ಪಿ ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರನ್ನು ಬರೆದಿಟ್ಟಿದ್ದಾರೆ. ಅಧಿಕೃತ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಕರಡು ಹೊರಟ ದಿನ ಹಳಗನ್ನಡ ಬಲ್ಲ ಒಬ್ಬರು ಅದನ್ನು ಓದಿ ಆಕ್ಷೇಪಣೆ ಬರೆದಿದ್ದರೆ ಇದು ಆಗುತ್ತಿರಲಿಲ್ಲ.

ಇದರಲ್ಲಿ ಯಾರ ಸಂಚನ್ನೂ ಹುಡುಕಬೇಕಾಗಿಲ್ಲ. ಈ ನಿಯಮಗಳು ತೆರೆದ ಕ್ರಮದಲ್ಲೇ ರೂಪುಗೊಳ್ಳುತ್ತವೆ. ಯಾರು ಬೇಕಾದರೂ ಪ್ರಸ್ತಾವ, ಆಕ್ಷೇಪಣೆ ಬರೆಯಬಹುದು. ಹಳೆಯ ಬರಹಗಳಲ್ಲಿ ಕಾಣುವ ‘ನಕಾರ ಪೊಲ್ಲು’ ಎಂಬ ಅಕ್ಷರ 2021ರಲ್ಲಿ ಯೂನಿಕೋಡಿನ 14ನೇ ಆವೃತ್ತಿಗೆ ಸೇರಿತು. ಯಾರೋ ಕುಳಿತು ಆಧಾರಗಳನ್ನು ಒಟ್ಟು ಮಾಡಿ ಪ್ರಸ್ತಾವ ಬರೆದದ್ದರಿಂದಲೇ ಅದು ಆಯಿತು. ಬಾಗಿಲು ತೆರೆದಿರುತ್ತದೆ, ಒಳಗೆ ಹೋಗಿ ಕೂರುವ ವ್ಯವಧಾನ ಇರುವವರು ಬೇಕು.

ನಾವಿರುವ ಈ ಸೀಮೆಗೂ ಆ ತೆರೆದ ಬಾಗಿಲಿಗೂ ಹಳೆಯ ನಂಟಿದೆ. ಇಲ್ಲಿಂದ 405 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದರೆ ಸಿಗುವ ಯುಸಿಎಲ್‌ಎಯಲ್ಲಿ, 1969ರ ಏಪ್ರಿಲ್‌ನಲ್ಲಿ, ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಜಾಲದ ನಿಯಮಗಳ ಮೊದಲ ಟಿಪ್ಪಣಿಯನ್ನು ಬರೆದರು. ಅದಕ್ಕೆ ‘ಆದೇಶ’ ಎಂದಾಗಲಿ ‘ಮಾನಕ’ ಎಂದಾಗಲಿ ಹೆಸರಿಡದೆ ‘ಅಭಿಪ್ರಾಯ ಕೋರಿಕೆ’ ಎಂದು ಕರೆದರು. ಇಂಟರ್ನೆಟ್ಟಿನ ನಿಯಮಗಳು ಇಂದಿಗೂ ಅದೇ ಹೆಸರಿನಲ್ಲಿ ಹೊರಡುತ್ತವೆ. ಪರ್ಲ್ ಭಾಷೆಯ ಕರ್ತೃ ಲ್ಯಾರಿ ವಾಲ್ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ. ಲಿಪಿಯಿಲ್ಲದ ಭಾಷೆಯೊಂದಕ್ಕೆ ಲಿಪಿ ರೂಪಿಸುವ ಆಸೆಯಿಂದ ಭಾಷಾವಿಜ್ಞಾನ ಓದಿದವರು ಅವರು. ಪರ್ಲ್‌ನ ಮೊದಲ ಆವೃತ್ತಿ ಹೊರಬಂದದ್ದು 1987ರ ಡಿಸೆಂಬರ್ 18ರಂದು. ನ್ಯೂಹಾಲ್, ಸಾಗಸ್, ವ್ಯಾಲೆನ್ಸಿಯಾ, ಕ್ಯಾನಿಯನ್ ಕಂಟ್ರಿ ಸೇರಿ ಸ್ಯಾಂಟಾ ಕ್ಲಾರಿಟಾ ನಗರವಾದದ್ದು ಅದಕ್ಕೆ ಮೂರು ದಿನ ಮೊದಲು.

ಈ ಊರಿನ ಇನ್ನೊಂದು ನೆನಪನ್ನೂ ಇಲ್ಲಿ ಹೇಳಬೇಕು. ಇಲ್ಲಿಗೆ ಉತ್ತರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕಿಟೊ ಕಣಿವೆಯಲ್ಲಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಇತ್ತು. 1928ರ ಮಾರ್ಚ್ 12ರ ಬೆಳಿಗ್ಗೆ ಕಾವಲುಗಾರ ಹೊಸ ಸೋರಿಕೆಯನ್ನು ಕಂಡು ಹೇಳಿಕಳಿಸಿದ. ಲಾಸ್ ಏಂಜಲೀಸ್‌ಗೆ ನೀರು ತಂದ ಪ್ರಸಿದ್ಧ ಎಂಜಿನಿಯರ್ ವಿಲಿಯಂ ಮುಲ್ಹಾಲಂಡ್ ಬಂದು ನೋಡಿ, ಭಯವಿಲ್ಲ ಎಂದು ಹಿಂತಿರುಗಿದರು. ಅಂದೇ ಮಧ್ಯರಾತ್ರಿಗೆ ಕೆಲವೇ ನಿಮಿಷ ಮುಂಚೆ ಅಣೆಕಟ್ಟು ಒಡೆಯಿತು. 400ಕ್ಕೂ ಹೆಚ್ಚು ಜನ ಸತ್ತರು; ನದಿಯ ಕೆಳಪಾತ್ರದ ಮೆಕ್ಸಿಕನ್ ಕೃಷಿ ಕಾರ್ಮಿಕರು ಅವರಲ್ಲಿ ಅನೇಕರಿದ್ದರು. ಸಾವುಗಳ ವಿಚಾರಣೆ ನಡೆಸಿದ ಮಂಡಳಿ ಕೊನೆಗೆ ಹೇಳಿದ್ದರ ಸಾರ ಇಷ್ಟೇ: ಇಂಥ ಕಟ್ಟಡದ ಹೊಣೆಯನ್ನು, ಎಷ್ಟೇ ದೊಡ್ಡವನಾದರೂ, ಒಬ್ಬನೇ ಮನುಷ್ಯನ ತೀರ್ಮಾನಕ್ಕೆ ಬಿಡಬಾರದು.

ಮುಕ್ತ ತಂತ್ರಾಂಶದ ಮೂಲ ವಾದವೂ ಇದೇ. ಒಳಗೇನಿದೆ ಎಂದು ಹಲವರು ನೋಡಬೇಕು. ಆದರೆ ನೋಡಲು ಅವಕಾಶವಿರುವುದು ಬೇರೆ, ನಿಜವಾಗಿ ನೋಡುವುದು ಬೇರೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ, ಕಡತಗಳನ್ನು ಅಡಕಗೊಳಿಸುವ ಸಣ್ಣ ಉಪಕರಣದಲ್ಲಿ ಕಳ್ಳಗಿಂಡಿಯೊಂದು ಪತ್ತೆಯಾಯಿತು. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡವರು ಲಾಸ್ಸೆ ಕಾಲಿನ್ ಎಂಬ ಒಬ್ಬರೇ ಮನುಷ್ಯ. ಅವರು ದಣಿದಿದ್ದಾಗ ನೆರವಿನ ನೆಪದಲ್ಲಿ ಬಂದ ಮತ್ತೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿ ಆ ಕಳ್ಳಗಿಂಡಿಯನ್ನು ಇಟ್ಟಿದ್ದರು. ಲಾಗಿನ್ ಅರ್ಧ ಸೆಕೆಂಡು ನಿಧಾನವಾದದ್ದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹೊರಗೆಳೆದರು. ಜಗತ್ತಿನ ದೊಡ್ಡ ಕಂಪನಿಗಳ ಲಾಭದ ಕಟ್ಟಡಗಳು ಇಂಥ ಬಿಟ್ಟಿ ದುಡಿಮೆಯ ಮೇಲೆ ನಿಂತಿವೆ. ಕೂಲಿಯ ಬಗ್ಗೆ ಬರೆದ ಆ ಹಿರಿಯರು ಇದ್ದಿದ್ದರೆ ಈ ವಿಷಯವನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದರು.

ಪರವಾನಗಿಗಳ ವ್ಯತ್ಯಾಸವೂ ಇಲ್ಲಿ ಮುಖ್ಯವಾಗುತ್ತದೆ. ಗ್ನೂ ಗ್ರೆಪ್ ಇರುವುದು ಜಿಪಿಎಲ್ ಅಡಿಯಲ್ಲಿ: ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ರಿಪ್‌ಗ್ರೆಪ್‌ನ ಎಂಐಟಿ ಪರವಾನಗಿ ಆ ಹೊಣೆಯನ್ನು ಹೊರಿಸುವುದಿಲ್ಲ. ಕಂಪನಿಯೊಂದು ಅದನ್ನು ತನ್ನ ಮುಚ್ಚಿದ ಸರಕಿನೊಳಗೆ ಸೇರಿಸಿಕೊಳ್ಳಬಹುದು. ಊರ ಕೆರೆಯಿಂದ ನೀರು ಒಯ್ದವರು ಹೂಳೆತ್ತುವ ದಿನ ಬರಲೇಬೇಕೆಂದು ಕಟ್ಟಳೆ ಮಾಡುವುದೋ, ಅವರವರ ಮನಸ್ಸಿಗೆ ಬಿಡುವುದೋ ಎಂಬ ಪ್ರಶ್ನೆ ಇದು. ನನ್ನ ಒಲವು ಕಟ್ಟಳೆಯ ಕಡೆಗೆ. ಆದರೆ ಕನ್ನಡದ ಮಟ್ಟಿಗೆ ನಾವು ಕಟ್ಟಳೆಯಿದ್ದ ಕೆರೆಗೂ ಹೋಗಿಲ್ಲ, ಇಲ್ಲದ ಕೆರೆಗೂ ಹೋಗಿಲ್ಲ.

ಇದನ್ನು ಯಾರನ್ನೋ ದೂರಲು ಹೇಳುತ್ತಿಲ್ಲ. ಮೊದಲ ತಪ್ಪಿತಸ್ಥ ನಾನೇ. ಹದಿನೈದು ವರ್ಷ ಈ ಉಪಕರಣಗಳಿಂದ ಜೀವನ ಸಾಗಿಸಿದ್ದೇನೆ. ಗೆಳತಿಯ ತಂದೆಯ ಕಡತಗಳು ಬರುವವರೆಗೆ ಅವುಗಳಿಗೆ ಒಂದು ಕನ್ನಡ ಪದವನ್ನೂ ಕೊಟ್ಟು ನೋಡಿರಲಿಲ್ಲ. ಊರಿನಲ್ಲಿ ಕಡಿಮೆ ಅನುಕೂಲಗಳಲ್ಲಿ ಇದ್ದುಕೊಂಡೇ ಈ ಕೆಲಸ ಮಾಡಿದವರಿದ್ದಾರೆ. ‘ಸಂಚಯ’ ತಂಡದವರು ವಚನಗಳನ್ನು ಪದಪದವಾಗಿ ಹುಡುಕಬಹುದಾದ ‘ವಚನ ಸಂಚಯ’ವನ್ನು ಕಟ್ಟಿದರು. ವಿಕಿಪೀಡಿಯ, ವಿಕಿಸೋರ್ಸ್‌ಗಳಲ್ಲಿ ಹೆಸರು ಬಯಸದೆ ಪುಟ ತಿದ್ದುವವರಿದ್ದಾರೆ. ಇಲ್ಲಿ ನಮಗೆ ವೇಗದ ಯಂತ್ರಗಳಿವೆ, ವೃತ್ತಿಯ ಪರಿಣತಿಯಿದೆ, ನವೆಂಬರಿನಲ್ಲಿ ಬಾವುಟ ಹಾರಿಸುವ ಉತ್ಸಾಹವೂ ಇದೆ.

ಉದ್ಯೋಗದ ಕರಾರಿನಲ್ಲಿ ‘ನೀವು ಬರೆದುದೆಲ್ಲ ಕಂಪನಿಯದು’ ಎಂದಿದೆಯಲ್ಲ ಎಂದು ಹಲವರು ಹಿಂಜರಿಯುತ್ತಾರೆ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2870ನೇ ವಿಧಿಯನ್ನು ಓದಿ. ಸ್ವಂತ ಸಮಯದಲ್ಲಿ, ಕಂಪನಿಯ ಯಂತ್ರ, ಸಾಮಗ್ರಿ, ರಹಸ್ಯ ಮಾಹಿತಿಗಳನ್ನು ಬಳಸದೆ ರೂಪಿಸಿದ ಕೃತಿಯನ್ನು, ಅದು ಕಂಪನಿಯ ವ್ಯವಹಾರಕ್ಕೋ ಸಂಶೋಧನೆಗೋ ಸಂಬಂಧಿಸಿಲ್ಲದಿದ್ದರೆ, ಕರಾರಿನ ಮೂಲಕ ಕಸಿದುಕೊಳ್ಳುವಂತಿಲ್ಲ. ನಿಮ್ಮ ಕೆಲಸ ಆ ಮಿತಿಯೊಳಗೆ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು, ನಿಜ. ಆದರೆ ಹೆದರಿಕೆಯಿಂದ ಓದದೆಯೇ ಕೂರುವುದು ಬೇಡ.

ಹಾಗಾದರೆ ಏನು ಮಾಡಬಹುದು? ದೊಡ್ಡ ಸಂಸ್ಥೆ, ಪದಾಧಿಕಾರಿಗಳು, ಲಾಂಛನ ಬೇಡ. ಕನ್ನಡದ ಒಂದು ಪರೀಕ್ಷಾ ಕಡತವನ್ನು ಒಟ್ಟಿಗೆ ಸಿದ್ಧಪಡಿಸೋಣ: ಐವತ್ತು ಸಾಲು ಸಾಕು. ಒತ್ತಕ್ಷರ, ಅರ್ಕಾವತ್ತು, ಮೂರು ಬಗೆಯ ‘ಹೋ’, ‘ದಿನಗೂಲಿ’, ‘ಮಾರ್ಕ್ಸ್‌ವಾದ’, ಕನ್ನಡ ಅಂಕಿ, ‘ೞ’, ‘ಳ’ ಎಲ್ಲವೂ ಅದರಲ್ಲಿರಲಿ. ಪ್ರತಿ ಸಾಲಿಗೂ ಸರಿಯಾದ ಉತ್ತರವನ್ನು ವ್ಯಾಕರಣ ಬಲ್ಲವರು ಬರೆಯಲಿ. ನಾವು ಬಳಸುವ ಪ್ರತಿ ಉಪಕರಣದಲ್ಲೂ ಅದನ್ನು ಓಡಿಸಿ, ಎಲ್ಲಿ ಸೋಲುತ್ತದೋ ಅಲ್ಲಿ ಆಯಾ ಯೋಜನೆಗೆ ಸ್ಪಷ್ಟವಾದ, ಸೌಜನ್ಯದ ದೋಷವರದಿ ಬರೆಯೋಣ. ಅದನ್ನು ನೋಡಿಕೊಳ್ಳುವವರು ನಮ್ಮ ಹಾಗೆಯೇ ಸಂಜೆಯ ಹೊತ್ತಿನಲ್ಲಿ ದುಡಿಯುವವರು ಎಂಬುದು ನೆನಪಿರಲಿ. ಸಾಧ್ಯವಾದರೆ ವರದಿಯ ಜೊತೆ ತಿದ್ದುಪಡಿಯನ್ನೂ ಕಳಿಸೋಣ. ಕನ್ನಡದ ಒತ್ತಕ್ಷರವನ್ನು ಒಂದಾಗಿ ಎಣಿಸಬೇಕೆಂಬ ವಾದವನ್ನು ಆಧಾರಗಳ ಸಮೇತ ಬರೆದು ಯೂನಿಕೋಡಿಗೆ ಸಲ್ಲಿಸಲು ಈ ಕೋಣೆಯಲ್ಲಿರುವಷ್ಟು ಜನ ಬೇಕಾದಷ್ಟಾಯಿತು.

ಪುಸ್ತಕದ ಕರಡು ಈಗ ಗೆಳತಿಯ ಕೈಯಲ್ಲಿದೆ. ಹುಡುಕಾಟದಲ್ಲಿ ‘ದಿನಗೂಲಿ’ ಸಿಕ್ಕ ಲೇಖನವೊಂದನ್ನು ಅವರು ಮೊದಲು ಓದಿಯೇ ಇರಲಿಲ್ಲ. ಮೊದಲ ಬಾರಿಯ ಹುಡುಕಾಟ ‘ಏನೂ ಇಲ್ಲ’ ಎಂದಾಗ ನಾನು ಅದನ್ನು ನಂಬಿ ಕೈಬಿಟ್ಟಿದ್ದರೆ ಆ ಲೇಖನ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಹೀಗೆ ‘ಏನೂ ಇಲ್ಲ’ ಎಂಬ ಉತ್ತರ ಪಡೆದು ಮುಚ್ಚಿಹೋದ ಕಡತಗಳು ನಮ್ಮ ನಮ್ಮ ಮನೆಗಳಲ್ಲಿ ಎಷ್ಟಿವೆಯೋ.

ಮುಂದಿನ ತಿಂಗಳ ಕೂಟಕ್ಕೆ ಲ್ಯಾಪ್‌ಟಾಪ್ ತನ್ನಿ. ತಂತ್ರಾಂಶದ ಕೆಲಸ ಮಾಡದವರು ಒಂದು ಒಳ್ಳೆಯ ಕನ್ನಡ ನಿಘಂಟನ್ನು ತನ್ನಿ. ಮೊದಲ ಹತ್ತು ಸಾಲುಗಳನ್ನು ಅಂದೇ ಬರೆದುಬಿಡೋಣ.